ರಾತ್ರಿ ಎರಡು ಗಂಟೆಗೆ ಎಲ್ಲಿಗೆ ಒಯ್ಯಬೇಕು ಹೇಳಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಬಾಗಲಕೋಟೆ ಜಿಲ್ಲೆಯ ಆರೋಗ್ಯ ಅಧಿಕಾರಿಗಳಿಗೆ, ಮತ್ತು ಮನೆಯಲ್ಲಿ ಬಿಪಿ ಇರುವ ಹಿರಿಯರನ್ನು ಇಟ್ಟುಕೊಂಡ ನಮ್ಮ ಭಾಗದ ಎಲ್ಲರಿಗೂ ಜಮಖಂಡಿಯಿಂದ ನಮಸ್ಕಾರ.

ನಾನು ಇಲ್ಲಿಯ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಸಿಟಿ ಟೆಕ್ನಿಷಿಯನ್. ಹನ್ನೊಂದು ವರ್ಷ ಆಯಿತು. ನಾನು ಡಾಕ್ಟರ್ ಅಲ್ಲ. ಆದರೆ ಮೆದುಳಿನಲ್ಲಿ ರಕ್ತ ಸೋರಿದವರನ್ನು ನಮ್ಮ ತಾಲ್ಲೂಕಿನಲ್ಲಿ ಮೊದಲು ನೋಡುವವರಲ್ಲಿ ನಾನೂ ಒಬ್ಬ. ಅದಕ್ಕೇ ಬರೆಯುತ್ತಿದ್ದೇನೆ.

ರಾತ್ರಿ ಪಾಳಿಯಲ್ಲಿ ಲಕ್ವಾ ಹೊಡೆದವರು ಬರುತ್ತಾರೆ. ರಬಕವಿ-ಬನಹಟ್ಟಿಯ ನೇಕಾರರು, ಕಬ್ಬು ಕಡಿಯಲು ಬಂದವರು, ಸಾವಳಗಿ ಕಡೆಯ ರೈತರು. ಕೆಲವರು 108ರಲ್ಲಿ, ಜಾಸ್ತಿ ಜನ ಬಾಡಿಗೆ ಗಾಡಿಯಲ್ಲಿ, ತಲೆಯನ್ನು ಮಗನ ತೊಡೆ ಮೇಲೆ ಇಟ್ಟುಕೊಂಡು. ಟೇಬಲ್ ಮೇಲೆ ಮಲಗಿಸಿ, ತಲೆ ಅಲುಗದಂತೆ ಪಟ್ಟಿ ಕಟ್ಟಿ ಒಳಗೆ ಬಿಟ್ಟರೆ ಒಂದೇ ನಿಮಿಷದಲ್ಲಿ ಚಿತ್ರ ಬರುತ್ತದೆ. ರಕ್ತ ಸೋರಿದ್ದರೆ ಬೂದು ಬಣ್ಣದ ಮೆದುಳಿನ ನಡುವೆ ಬೆಳ್ಳಗೆ ಕಾಣುತ್ತದೆ. ಅದನ್ನು ಗುರುತಿಸಲು ದೊಡ್ಡ ಓದು ಬೇಕಾಗಿಲ್ಲ. ಹನ್ನೊಂದು ವರ್ಷ ನೋಡಿದವನಿಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ, ಅಷ್ಟೇ.

ಹೊರಗೆ ಬಂದರೆ ಎಲ್ಲರದೂ ಒಂದೇ ಮಾತು. "ಅಣ್ಣಾರ, ಏನ್ ಬಂತ್ರಿ? ಈಗ ಎಲ್ಲಿಗೆ ಒಯ್ಯೂಣ್ರಿ?"

"ರಿಪೋರ್ಟ್ ಬರ್ಲಿರಿ, ಡಾಕ್ಟರ್ ಹೇಳ್ತಾರ" ಅನ್ನುತ್ತೇನೆ. ನಾನು ಅಷ್ಟೇ ಹೇಳಬೇಕು, ಅದೇ ನಿಯಮ. ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್ ಬೇರೆ ಊರಲ್ಲಿ ಕೂತು ಕಂಪ್ಯೂಟರ್‌ನಲ್ಲಿ ನೋಡುತ್ತಾರೆ. ರಾತ್ರಿ ಹೊತ್ತು ಒಂದು ಗಂಟೆ ಆಗುತ್ತದೆ, ಕೆಲವೊಮ್ಮೆ ಎರಡು. ಅಲ್ಲಿವರೆಗೆ ಹೊರಗೆ ಗಾಡಿ ಚಾಲೂ ಇರುತ್ತದೆ. ಒಬ್ಬರು ಮಿರಜ್ ಅನ್ನುತ್ತಾರೆ, ಇನ್ನೊಬ್ಬರು ಬೆಳಗಾವಿ, ಮತ್ತೊಬ್ಬರು ವಿಜಯಪುರ, ಸೊಲ್ಲಾಪುರ, ಹುಬ್ಬಳ್ಳಿ. ಕೊನೆಗೆ ಯಾವ ಊರಲ್ಲಿ ಬೀಗರಿದ್ದಾರೋ, ಯಾವ ಊರಲ್ಲಿ ಪರಿಚಯದ ಕಂಪೌಂಡರ್ ಇದ್ದಾನೋ ಆ ಕಡೆ ಗಾಡಿ ತಿರುಗುತ್ತದೆ. ಮೆದುಳಿನಲ್ಲಿ ರಕ್ತ ಸೋರುತ್ತಿರುವ ಮನುಷ್ಯನ ಮುಂದಿನ ದಾರಿ ಹೀಗೆ ಗೊತ್ತಾಗಬಾರದು, ಅಲ್ವಾ ಸಾಹೇಬರೇ?

ಕಳೆದ ವರ್ಷ ಶ್ರಾವಣದಲ್ಲಿ ನನ್ನ ಸೋದರಮಾವನೇ ಆ ಟೇಬಲ್ ಮೇಲೆ ಬಂದ. 62 ವರ್ಷ. ಮಗ್ಗದ ಕೆಲಸ ಬಿಟ್ಟು ಮೂರು ವರ್ಷ ಆಗಿತ್ತು. ಸೋಮವಾರ ಸಂಜೆ ಭಜನೆಗೆ ಕೂತಿದ್ದ, ತಾಳ ಹಿಡಿದ ಕೈ ಜಾರಿತು, ಮಾತು ತೊದಲಿತು, ಪಕ್ಕಕ್ಕೆ ವಾಲಿದ. ಬಿಪಿ ಗುಳಿಗೆ ಬಿಟ್ಟು ನಾಲ್ಕು ತಿಂಗಳಾಗಿತ್ತಂತೆ, ಆಮೇಲೆ ಅತ್ತಿ ಹೇಳಿದಳು. "ಬಿಪಿ ನಾರ್ಮಲ್ ಬಂದೈತಿ, ಇನ್ಯಾಕ ಗುಳಿಗಿ" ಅಂತ ಬಿಟ್ಟಿದ್ದ. ಗುಳಿಗೆ ತಿಂದಿದ್ದಕ್ಕೇ ನಾರ್ಮಲ್ ಬಂದದ್ದು ಅಂತ ಅವನಿಗೆ ಯಾರೂ ಕೂತು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮೊದಲು ಒಯ್ದ ಕಡೆ ಲಕ್ವಾ ಅಂತ ರಕ್ತ ತೆಳು ಮಾಡುವ ಆಸ್ಪಿರಿನ್ ಗುಳಿಗೆ ಕೊಟ್ಟರು. ಸ್ಕ್ಯಾನ್ ಇಲ್ಲದೇ. ಇದನ್ನು ಓದುವವರು ದಯವಿಟ್ಟು ಒಂದು ನೆನಪಿಡಿ. ಲಕ್ವಾದಲ್ಲಿ ಎರಡು ಬಗೆ. ರಕ್ತನಾಳ ಕಟ್ಟಿಕೊಂಡು ಆಗುವುದು ಒಂದು, ರಕ್ತನಾಳ ಒಡೆದು ಆಗುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಕೈ ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಔಷಧ ಮಾತ್ರ ಪೂರ್ತಿ ಉಲ್ಟಾ. ಕಟ್ಟಿಕೊಂಡದ್ದಕ್ಕೆ ರಕ್ತ ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ, ಅದೂ ನಾಲ್ಕೂವರೆ ಗಂಟೆಯ ಒಳಗೆ. ಒಡೆದ ನಾಳಕ್ಕೆ ಅದನ್ನೇ ಕೊಟ್ಟರೆ ಸೋರುವುದು ಜಾಸ್ತಿ ಆಗುತ್ತದೆ. ಯಾವುದು ಅಂತ ಹೇಳುವುದು ಸ್ಕ್ಯಾನ್ ಒಂದೇ. ಅದಕ್ಕೇ ಸ್ಕ್ಯಾನ್‌ಗಿಂತ ಮೊದಲು ಮನೆಯಲ್ಲಿ ಗುಳಿಗೆ ಬೇಡ, ಕಿವಿಗೆ ಬೇರಿನ ರಸ ಬೇಡ, ಬಾಯಿಗೆ ಏನನ್ನೂ ಹಾಕಬೇಡಿ.

ಮಾವನ ಚಿತ್ರದಲ್ಲಿ ಎಡಗಡೆ, ಕಿವಿಯ ಮೇಲ್ಭಾಗದ ಒಳಗೆ, ಮೆದುಳಿನ ಮೇಲ್ಪದರಕ್ಕೆ ಹತ್ತಿರದಲ್ಲಿ ಹೆಪ್ಪುಗಟ್ಟಿದ ರಕ್ತದ ಬಿಳಿ ಗಡ್ಡೆ. ನಾವು ಟೆಕ್ನಿಷಿಯನ್‌ಗಳೂ ಅಳೆಯಬಲ್ಲ ಒಂದು ಸುಲಭ ಲೆಕ್ಕ ಇದೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ ಎರಡರಿಂದ ಭಾಗಿಸಿದರೆ ಎಷ್ಟು ಮಿಲಿ ರಕ್ತ ಅಂತ ಸುಮಾರಾಗಿ ಸಿಗುತ್ತದೆ. 5, 4, 4.5. ಅಂದರೆ 45 ಮಿಲಿ. ಅರ್ಧ ಕಪ್ ಚಹಾಕ್ಕಿಂತ ಕಡಿಮೆ. ಆದರೆ ತಲೆಬುರುಡೆ ಮೂಳೆಯ ಡಬ್ಬಿ, ಅದು ಹಿಗ್ಗುವುದಿಲ್ಲ. ಒಳಗೆ ಅಷ್ಟು ರಕ್ತ ಸೇರಿದರೆ ಅಷ್ಟು ಮೆದುಳು ಒತ್ತಿಕೊಳ್ಳಬೇಕು. ಮೇಲಾಗಿ ಸೋರಿದ ರಕ್ತ ಒಳಗೇ ಉಳಿದರೆ ಸುತ್ತಲಿನ ಮೆದುಳು ಬಾತುಕೊಳ್ಳುತ್ತದೆ, ಹಾಳಾಗುತ್ತದೆ.

ಮೊದಲ ದೊಡ್ಡ ಆಸ್ಪತ್ರೆಯಲ್ಲಿ ನ್ಯೂರೋಸರ್ಜನ್ ಊರಲ್ಲಿರಲಿಲ್ಲ, ನಾಳೆ ಸಂಜೆ ಬರುತ್ತಾರೆ ಅಂದರು. ಎರಡನೆಯದರಲ್ಲಿ ಐಸಿಯು ತುಂಬಿತ್ತು. ಮೂರನೆಯದು ರಾಜ್ಯದ ಗಡಿ ದಾಟಿ. ಅಲ್ಲಿ ಆಯುಷ್ಮಾನ್ ಕಾರ್ಡ್ ನಡೆಯುವುದಿಲ್ಲ, ಮುಂಗಡ ಕಟ್ಟಿ ಅಂದರು, ಅತ್ತಿಯ ಬಂಗಾರ ಅಡವಿಟ್ಟು ಕಟ್ಟಿದೆವು. ಬುರುಡೆ ತೆಗೆದು ಆಪರೇಷನ್ ಆಗುವಷ್ಟರಲ್ಲಿ 30 ಗಂಟೆ ದಾಟಿತ್ತು. ಆ ಸರ್ಜನ್ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೈಲಾದದ್ದನ್ನು ಮಾಡಿದರು, ಮಾವ ಬದುಕಿದ. ಬಲಗೈ ಏಳುವುದಿಲ್ಲ. ಮಾತು ಹೋಗಿದೆ, "ಹೂಂ" ಮತ್ತು "ಬ್ಯಾಡ" ಎರಡೇ. ಭಜನೆ ಹಚ್ಚಿದರೆ ಮಾತ್ರ ನಾಲ್ಕು ಸಾಲು ಸರಿಯಾಗಿ ಹಾಡುತ್ತಾನೆ, ಶಬ್ದ ಒಂದೂ ತಪ್ಪುವುದಿಲ್ಲ. ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿಯುತ್ತದಂತೆ, ಫಿಜಿಯೋಥೆರಪಿಯ ತಂಗಿ ಹೇಳಿದಳು.

ಮಾವ ಮನೆಗೆ ಬಂದ ಮೇಲೆ ನಾನು ಓದಲು ಶುರು ಮಾಡಿದೆ. ರಾತ್ರಿ ಪಾಳಿಯಲ್ಲಿ ಸಮಯ ಇರುತ್ತದೆ. ಗೊತ್ತಿರುವ ಡಾಕ್ಟರ್‌ಗಳನ್ನು ಕೇಳಿ ಕೇಳಿ ತಿಳಿದುಕೊಂಡೆ.

ಮೆದುಳಿನಲ್ಲಿ ರಕ್ತ ಸೋರಿದವರಿಗೆ ಆಪರೇಷನ್ ಬೇಡ ಅಂತ ಬಹಳ ಕಡೆ ಹೇಳುವುದಕ್ಕೆ ಕಾರಣ ಇದೆ. 2005ರಲ್ಲಿ ಬಂದ ಸ್ಟಿಚ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಿದ್ದರು. ಬೇಗ ಆಪರೇಷನ್ ಮಾಡಿದವರಿಗೂ ಔಷಧದಲ್ಲೇ ನೋಡಿಕೊಂಡವರಿಗೂ ಒಟ್ಟಾರೆ ದೊಡ್ಡ ಫರಕು ಕಾಣಲಿಲ್ಲ. 2013ರಲ್ಲಿ ಮೇಲ್ಪದರದ ರಕ್ತಸ್ರಾವದವರನ್ನೇ ತೆಗೆದುಕೊಂಡು ಮತ್ತೊಮ್ಮೆ ನೋಡಿದರು, ಆಗಲೂ ಗಟ್ಟಿ ಉತ್ತರ ಬರಲಿಲ್ಲ. ಯಾಕೆ ಅಂದರೆ ಗಡ್ಡೆ ಮುಟ್ಟುವುದಕ್ಕೆ ಬುರುಡೆಯ ದೊಡ್ಡ ತುಂಡು ತೆಗೆದು ಚೆನ್ನಾಗಿರುವ ಮೆದುಳನ್ನು ಕೊಯ್ದು ಒಳಗೆ ಹೋಗಬೇಕಿತ್ತು, ರಕ್ತ ತೆಗೆದು ಆದ ಲಾಭ ದಾರಿಯಲ್ಲೇ ಖರ್ಚಾಗುತ್ತಿತ್ತು ಅಂತ ಬಹಳ ಸರ್ಜನ್‌ಗಳ ವಿಚಾರ.

ಅಲ್ಲಿಂದ ಸಣ್ಣ ರಂಧ್ರದ ದಾರಿ ಹುಡುಕಿದರು. ಬುರುಡೆಯಲ್ಲಿ ಸಣ್ಣ ಕಿಂಡಿ ಮಾಡಿ ಗಡ್ಡೆಯೊಳಗೆ ತೆಳು ಪೈಪ್ ಇಟ್ಟು, ರಕ್ತ ಕರಗಿಸುವ ಔಷಧವನ್ನು ಅದರೊಳಗೇ ಸ್ವಲ್ಪ ಸ್ವಲ್ಪ ಬಿಟ್ಟು, ಕರಗಿದ್ದನ್ನು ಹೊರಗೆ ಬಸಿಯುವುದು ಒಂದು ವಿಧಾನ. ಇದರ ದೊಡ್ಡ ಅಧ್ಯಯನ 2019ರಲ್ಲಿ ಬಂತು, 500ಕ್ಕೂ ಹೆಚ್ಚು ಜನ. ಒಟ್ಟಾರೆ ಚೇತರಿಕೆಯಲ್ಲಿ ಗೆಲ್ಲಲಿಲ್ಲ. ಆದರೆ ಒಳಗೆ ಉಳಿದ ರಕ್ತ 15 ಮಿಲಿ ಅಥವಾ ಅದಕ್ಕಿಂತ ಕಡಿಮೆಗೆ ಇಳಿದವರು ಹೆಚ್ಚು ಚೆನ್ನಾಗಿ ಚೇತರಿಸಿಕೊಂಡಿದ್ದರು. ಆದಷ್ಟು ಹೆಚ್ಚು ತೆಗೆಯಬೇಕು, ಆದರೆ ಮೆದುಳಿಗೆ ನೋವಾಗದಂತೆ ತೆಗೆಯಬೇಕು ಅನ್ನುವ ವಿಚಾರ ಅಲ್ಲಿಂದ ಬಲವಾಯಿತು.

2024ರ ಏಪ್ರಿಲ್‌ನಲ್ಲಿ ಎನ್‌ರಿಚ್ ಅನ್ನುವ ಅಧ್ಯಯನ ಪ್ರಕಟವಾಯಿತು. ಅಮೆರಿಕದ 37 ಆಸ್ಪತ್ರೆಗಳು, 300 ರೋಗಿಗಳು. 30ರಿಂದ 80 ಮಿಲಿ ರಕ್ತ ಸೋರಿದವರು, 24 ಗಂಟೆಯ ಒಳಗೆ ಆಪರೇಷನ್. ಇದರಲ್ಲಿ ಹೆಬ್ಬೆರಳಿಗಿಂತ ತೆಳ್ಳಗಿನ ನಳಿಕೆಯನ್ನು ಮೆದುಳಿನ ಮಡಿಕೆಯ ಸಂದಿಯಿಂದ ಇಳಿಸುತ್ತಾರೆ. ಕಬ್ಬಿನ ಹೊಲದಲ್ಲಿ ಸಾಲು ಹಿಡಿದು ನಡೆದರೆ ಬೆಳೆ ಮುರಿಯುವುದಿಲ್ಲ, ಅಡ್ಡ ಹಾಯ್ದರೆ ಮುರಿಯುತ್ತದೆ, ಹಾಗೆ. ಮೆದುಳಿನ ನರತಂತುಗಳಿಗೂ ಸಾಲು ಇರುತ್ತದೆ. ಆ ಸಾಲಿನ ಗುಂಟ ಹೋಗಿ, ನಳಿಕೆಯೊಳಗಿಂದ ನೋಡುತ್ತಾ ರಕ್ತ ಹೀರಿ ತೆಗೆದು, ಸೋರುವ ನಾಳವನ್ನು ಸುಟ್ಟು ಮುಚ್ಚಿ ಹೊರಗೆ ಬರುತ್ತಾರೆ. ಔಷಧದಲ್ಲಿ ಮಾತ್ರ ಇದ್ದವರಲ್ಲಿ 30 ದಿನದೊಳಗೆ ನೂರಕ್ಕೆ 18 ಜನ ತೀರಿಕೊಂಡರು, ಆಪರೇಷನ್ ಆದವರಲ್ಲಿ 9. ಆರು ತಿಂಗಳ ನಂತರ ಎದ್ದು ಓಡಾಡುವುದು, ತಮ್ಮ ಕೆಲಸ ತಾವು ಮಾಡಿಕೊಳ್ಳುವುದು, ಅದರಲ್ಲೂ ಆಪರೇಷನ್ ಆದವರು ಒಟ್ಟಾರೆ ಮುಂದಿದ್ದರು.

ಇದನ್ನು ಓದಿದ ದಿನ ನಾನು ಮಾವನ ಹಳೇ ಚಿತ್ರ ತೆಗೆದು ಮತ್ತೆ ನೋಡಿದೆ. 45 ಮಿಲಿ, ಮೇಲ್ಪದರದ ಹತ್ತಿರ, ನಮ್ಮ ಟೇಬಲ್‌ಗೆ ಬಂದದ್ದು ಎರಡು ಗಂಟೆಯ ಒಳಗೆ. ಆ ಅಧ್ಯಯನಕ್ಕೆ ಹೊಂದುವಂಥ ರೋಗಿ. ಆ ಆಪರೇಷನ್ ಸಿಕ್ಕಿದ್ದರೆ ಮಾತು ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಲು ಆಗುವುದೂ ಇಲ್ಲ. ಆದರೆ ಕೇಳಿ ನೋಡುವುದಕ್ಕೂ ನಮಗೆ ಒಂದು ಬಾಗಿಲು ಇರಲಿಲ್ಲ.

ಇನ್ನು ಅಷ್ಟೇ ಮುಖ್ಯವಾದ ಇನ್ನೊಂದು ಮಾತು. ಈ ಆಪರೇಷನ್ ಎಲ್ಲರಿಗೂ ಅಲ್ಲ. ಬಿಪಿಯಿಂದ ಆಗುವ ರಕ್ತಸ್ರಾವ ಹೆಚ್ಚಾಗಿ ಮೆದುಳಿನ ಆಳದಲ್ಲಿ ಆಗುತ್ತದೆ, ನಾನು ನೋಡುವ ಚಿತ್ರಗಳಲ್ಲೂ ಅದೇ ಜಾಸ್ತಿ. ಎನ್‌ರಿಚ್‌ನಲ್ಲಿ ಆಳದ ಗಡ್ಡೆಯವರಿಗೆ ಲಾಭ ಕಾಣಲಿಲ್ಲ, ಅಂಥವರನ್ನು ಸೇರಿಸಿಕೊಳ್ಳುವುದನ್ನು ಅರ್ಧದಲ್ಲೇ ನಿಲ್ಲಿಸಿದರು. ಲಾಭ ಬಂದದ್ದು ಮೇಲ್ಪದರದವರಿಗೆ. ಹಾಗಾಗಿ ದೊಡ್ಡ ಮಷೀನ್ ತಂದು ರಿಬ್ಬನ್ ಕತ್ತರಿಸಿ ಅಂತ ನಾನು ಕೇಳುತ್ತಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಮೊದಲ ಗಂಟೆಯಲ್ಲೇ ಹೇಳುವ ಒಬ್ಬ ತಜ್ಞರು ಬೇಕು. ಉಪಕರಣದ ಮಾತು ಆಮೇಲೆ. ನಮ್ಮ ದೇಶದ ಕೆಲವು ನ್ಯೂರೋಸರ್ಜನ್‌ಗಳು ಸಾದಾ ಪ್ಲಾಸ್ಟಿಕ್ ಸಿರಿಂಜ್‌ನಿಂದಲೇ ಇಂಥ ನಳಿಕೆ ಮಾಡಿಕೊಂಡು ಆಪರೇಷನ್ ಮಾಡಿದ್ದಾರೆ.

ಆಳದ ರಕ್ತಸ್ರಾವದವರಿಗೆ ಹಾಗಾದರೆ ಏನೂ ಇಲ್ಲವೇ? ಇದೆ, ಅದೂ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥದ್ದು. 2023ರಲ್ಲಿ ಬಂದ ಇಂಟರಾಕ್ಟ್ ಮೂರನೇ ಅಧ್ಯಯನದಲ್ಲಿ ಹತ್ತು ದೇಶಗಳ 7000ಕ್ಕೂ ಹೆಚ್ಚು ರೋಗಿಗಳಿದ್ದರು, ನಮ್ಮ ಭಾರತದವರೂ ಇದ್ದರು. ಮಾಡಿದ್ದು ಇಷ್ಟು: ಚಿಕಿತ್ಸೆ ಶುರುವಾದ ಒಂದು ಗಂಟೆಯೊಳಗೆ ಮೇಲಿನ ಬಿಪಿಯನ್ನು 140ಕ್ಕಿಂತ ಕೆಳಗೆ ತರುವುದು, ಸಕ್ಕರೆ ಹಿಡಿತದಲ್ಲಿಡುವುದು, ಜ್ವರ ಏರದಂತೆ ನೋಡುವುದು, ರಕ್ತ ತೆಳು ಮಾಡುವ ವಾರ್ಫರಿನ್ ಗುಳಿಗೆ ತಿನ್ನುತ್ತಿದ್ದರೆ ಅದರ ಪರಿಣಾಮ ತಗ್ಗಿಸುವುದು. ಎಲ್ಲವನ್ನೂ ಒಟ್ಟಿಗೆ, ಬೇಗ. ಇಷ್ಟರಿಂದಲೇ ಆರು ತಿಂಗಳ ನಂತರ ಜನ ಹೆಚ್ಚು ಚೆನ್ನಾಗಿದ್ದರು. ಇದಕ್ಕೆ ನ್ಯೂರೋಸರ್ಜನ್ ಬೇಕಾಗಿಲ್ಲ. ಇಂಜೆಕ್ಷನ್, ಬಿಪಿ ಮಷೀನ್, ಮತ್ತು ಏನು ಮಾಡಬೇಕು ಅಂತ ಗೋಡೆ ಮೇಲೆ ಬರೆದ ಒಂದು ಹಾಳೆ ಸಾಕು. ನಮ್ಮಲ್ಲಿಗೆ ಸ್ಕ್ಯಾನ್‌ಗೆ ಬಂದವರ ಬಿಪಿ 220 ಇದ್ದದ್ದನ್ನು ನಾನು ನೋಡಿದ್ದೇನೆ, ಅದೇ ಬಿಪಿಯಲ್ಲೇ ಗಾಡಿ ಹತ್ತಿ ಮೂರು ಗಂಟೆಯ ದಾರಿಗೆ ಹೊರಟದ್ದನ್ನೂ ನೋಡಿದ್ದೇನೆ. ಮೊದಲ ಕೆಲವು ಗಂಟೆಗಳಲ್ಲೇ ಗಡ್ಡೆ ಬೆಳೆಯುವುದು ಜಾಸ್ತಿ. ಆ ಗಂಟೆಗಳು ನಮ್ಮ ಕಡೆ ರಸ್ತೆ ಮೇಲೆ ಕಳೆಯುತ್ತವೆ.

ಹಿಂದಲೆಯ ಸಣ್ಣ ಮೆದುಳಿನ ರಕ್ತಸ್ರಾವ ಬೇರೆಯೇ. ಅಲ್ಲಿ ಸಾಮಾನ್ಯವಾಗಿ ಕೈಕಾಲು ಬೀಳುವುದಿಲ್ಲ. ತಲೆ ಸುತ್ತು, ವಾಂತಿ, ನಿಲ್ಲಲು ಆಗದಿರುವುದು. ಮನೆಯವರು ಪಿತ್ತ ಅಂತ ನಿಂಬೆಹಣ್ಣಿನ ರಸ ಕೊಟ್ಟು ಮಲಗಿಸಿರುತ್ತಾರೆ. ಗಡ್ಡೆ 3 ಸೆಂಟಿಮೀಟರ್ ದಾಟಿದರೆ ಅದನ್ನು ಬೇಗ ತೆಗೆಯಲೇಬೇಕಾಗುತ್ತದೆ, ಕಾಯಲು ಸಮಯ ಇರುವುದಿಲ್ಲ.

ಇನ್ನೊಂದು ಬಗೆಯನ್ನು ಹೇಳಲೇಬೇಕು, ಯಾಕೆಂದರೆ ಸಣ್ಣ ರಂಧ್ರದ ಆಪರೇಷನ್ ಏನು ಮಾಡಬಲ್ಲದು ಅಂತ ನಾನು ಕಣ್ಣಾರೆ ಕಂಡದ್ದು ಅಲ್ಲೇ. ತೇರದಾಳ ಕಡೆಯ ಒಬ್ಬ ಅಜ್ಜ, ಎಂಬತ್ತರ ಹತ್ತಿರ. ತಿಂಗಳಿಂದ ಮಂಕಾಗಿದ್ದ, ಮೊಮ್ಮಕ್ಕಳ ಹೆಸರು ಮರೆಯುತ್ತಿದ್ದ, ಧೋತರದಲ್ಲೇ ಮೂತ್ರ. ಮನೆಯವರು ಅರಳುಮರಳು ಅಂದುಕೊಂಡಿದ್ದರು. ಸೊಸೆ ಒಬ್ಬಳೇ ಹಟ ಹಿಡಿದು ಕರೆತಂದಳು. "ಮಾವಾರು ಬಚ್ಚಲದಾಗ ಬಿದ್ದಿದ್ರು, ಆಮ್ಯಾಗ ಹಿಂಗಾತ್ರಿ" ಅಂದಳು. ಚಿತ್ರದಲ್ಲಿ ಬುರುಡೆಗೂ ಮೆದುಳಿಗೂ ನಡುವೆ ಹಳೇ ರಕ್ತ ಚಂದ್ರನ ಕೊರೆಯಂತೆ ಹರಡಿತ್ತು. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ, ಬುರುಡೆಯ ಒಳಮೈಗೆ ಹೋಗುವ ಸಣ್ಣ ನಾಳಗಳು ಎಳೆದುಕೊಂಡಿರುತ್ತವೆ, ಸಣ್ಣ ಪೆಟ್ಟಿಗೂ ಹರಿದುಹೋಗುತ್ತವೆ, ರಕ್ತ ವಾರಗಟ್ಟಲೆ ನಿಧಾನವಾಗಿ ಸೇರುತ್ತದೆ. ಇದಕ್ಕೆ ಮಾಡುವ ಆಪರೇಷನ್‌ಗೆ ಬರ್ ಹೋಲ್ ಅನ್ನುತ್ತಾರೆ. ಒಂದೆರಡು ಸಣ್ಣ ತೂತು, ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೂ ಮಾಡಬಹುದು. ಎಂಜಿನ್ ಆಯಿಲ್‌ನಂತೆ ಕಪ್ಪಗಾದ ರಕ್ತ ಬಸಿದು ಬರುತ್ತದೆ. ಎಂಟು ದಿನದ ಮೇಲೆ ಅಜ್ಜ ತಾನೇ ನಡೆದುಕೊಂಡು ಮರು ಸ್ಕ್ಯಾನ್‌ಗೆ ಬಂದ. ನನ್ನ ಹೆಸರು ಕೇಳಿದ, ಊರು ಕೇಳಿದ, ನಮ್ಮಪ್ಪನ ಗುರುತು ಹಿಡಿದ. ಇಂಥ ಎಷ್ಟು ಅಜ್ಜ ಅಜ್ಜಿಯರು ಅರಳುಮರಳು ಅಂತ ಮೂಲೆಯಲ್ಲಿ ಮಲಗಿದ್ದಾರೋ ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಬಿದ್ದ ಕೆಲವು ವಾರಗಳ ನಂತರ ಹಿರಿಯರು ಬದಲಾದರೆ ಒಂದು ಸ್ಕ್ಯಾನ್ ಮಾಡಿಸಿ, ಇದನ್ನು ಬೇಡಿಕೊಂಡು ಹೇಳುತ್ತೇನೆ.

ಸಚಿವರೇ, ದಾರಿ ನಿಮ್ಮದೇ ಇಲಾಖೆ ಈಗಾಗಲೇ ತೋರಿಸಿದೆ. ಹೃದಯಾಘಾತಕ್ಕೆ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನಿಮಿಷಗಳಲ್ಲಿ ನೋಡುತ್ತಾರೆ, ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಎದೆನೋವು ಬಂದವನಿಗೆ ಈಗ ಎಲ್ಲಿಗೆ ಹೋಗಬೇಕು ಅಂತ ಗೊತ್ತು. ತಲೆಗೂ ಅದೇ ವ್ಯವಸ್ಥೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನೂ ರಾಜ್ಯ ನಡೆಸುತ್ತಿದೆ, ಧಾರವಾಡದಲ್ಲಿ ಮಾನಸಿಕ ಮತ್ತು ನರರೋಗಗಳ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ, ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ. ಬೆಂಗಳೂರು ನಮಗೆ ರಾತ್ರಿಯಿಡೀ ಪ್ರಯಾಣ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗೆ ಸೇರಿ ಒಂದು ಕೇಂದ್ರ ಗೊತ್ತು ಮಾಡಿ. ಅಲ್ಲಿ ಹಗಲು ರಾತ್ರಿ ಒಬ್ಬ ನ್ಯೂರೋಸರ್ಜನ್ ಇರಲಿ, ಸಣ್ಣ ರಂಧ್ರದ ಆಪರೇಷನ್‌ನಲ್ಲಿ ತರಬೇತಿ ಪಡೆದವರು. ನಮ್ಮಂಥ ಸ್ಕ್ಯಾನ್ ಸೆಂಟರ್‌ಗಳು, ಸರ್ಕಾರಿಯೋ ಖಾಸಗಿಯೋ, ಬಿಳಿ ಕಲೆ ಕಂಡ ಕೂಡಲೇ ಚಿತ್ರ ಅಲ್ಲಿಗೆ ಕಳಿಸುವಂತಿರಲಿ. ಅವರು ನೋಡಿ ಇವರನ್ನು ಇಲ್ಲಿಗೆ ಕರೆತನ್ನಿ, ಇವರನ್ನು ಅಲ್ಲೇ ಬಿಪಿ ಇಳಿಸಿ ಇಟ್ಟುಕೊಳ್ಳಿ ಅಂತ ಹೇಳಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಈ ಆಪರೇಷನ್ ಅದರಲ್ಲಿ ಸ್ಪಷ್ಟವಾಗಿ ಸೇರಲಿ. ಗಡಿ ತಾಲ್ಲೂಕಿನವರು ತುರ್ತಿನಲ್ಲಿ ಮಿರಜ್‌ಗೋ ಸೊಲ್ಲಾಪುರಕ್ಕೋ ಹೋದರೂ ಕಾರ್ಡ್ ತಕರಾರಿಲ್ಲದೇ ನಡೆಯಲಿ. ಅತ್ತಿಯ ಬಂಗಾರ ಇನ್ನೂ ಅಡವಿನಲ್ಲೇ ಇದೆ.

ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೆ ಬಂದು ಬಿಪಿ, ಸಕ್ಕರೆ ನೋಡುವುದು ಒಳ್ಳೆಯ ಕೆಲಸ. ಬರುವ ಆಶಾ ಅಕ್ಕಂದಿರಿಗೆ ಒಂದು ಪ್ರಶ್ನೆ ಜಾಸ್ತಿ ಕೇಳಲು ಹೇಳಿ: "ಗುಳಿಗಿ ಬಿಟ್ಟೀರೇನು?" ಅಂತ. ಬಿಟ್ಟಿದ್ದರೆ ಯಾಕೆ ಅಂತ ಕೂತು ಕೇಳಲಿ.

ಕೇಂದ್ರ ಕಟ್ಟಲು ಸಮಯ ಹಿಡಿಯುತ್ತದೆ ಅಂತ ನನಗೆ ಗೊತ್ತು. ತರಬೇತಿಗೂ ಹಿಡಿಯುತ್ತದೆ. ಫೋನ್ ನಂಬರಿಗೆ ಅಷ್ಟು ಸಮಯ ಬೇಡ. ಚಿತ್ರ ಕಳಿಸಿದರೆ ರಾತ್ರಿ ಎರಡು ಗಂಟೆಗೂ ಒಬ್ಬ ತಜ್ಞರು ಎತ್ತಿ ಉತ್ತರ ಕೊಡುವ ಒಂದು ನಂಬರ್ ಮೊದಲು ಕೊಡಿ. ಬಂದ ದಿನವೇ ಅದನ್ನು ದಪ್ಪ ಅಕ್ಷರದಲ್ಲಿ ಬರೆದು ನನ್ನ ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸುತ್ತೇನೆ.

ಇಂತಿ ನಿಮ್ಮವನು,
ಜಮಖಂಡಿಯ ಒಬ್ಬ ಸಿಟಿ ಟೆಕ್ನಿಷಿಯನ್